ಬಿಡುವಿನ ವೇಳೆ: ಟ್ಯಾಂಕು ಕಟ್ಟುವವನಿಗೆ ಮೂರು ಪ್ರಶ್ನೆಗಳು

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಹುಡುಗರವು. ಈ ಸಲ ಒಬ್ಬ ತಾಯಿಯ ಕಾಗದ ಬಂದಿದೆ. ಅವರು ಪುಣೆಯಲ್ಲಿ ನೆಲೆಸಿದವರು. ಕಾಲೇಜಿಗೆ ಹೋಗುವ ಮಗನು ರೇಡಿಯೋದಿಂದ ನಡೆಯುವ ಟ್ಯಾಂಕೊಂದನ್ನು, ಅದೂ ನಿಜವಾದದ್ದರ ಆರನೆಯ ಒಂದರಷ್ಟು ದೊಡ್ಡದನ್ನು, ಮನೆಯಲ್ಲೇ ಕಟ್ಟುತ್ತೇನೆಂದು ಹಟ ಹಿಡಿದಿದ್ದಾನಂತೆ. ತಂದೆಯವರಿಗೆ ಇದು ಹಣದ ಪೋಲು. ತಾಯಿಗೆ ಹುಡುಗನ ಉತ್ಸಾಹ ಮುರಿಯಲು ಮನಸ್ಸಿಲ್ಲ. ಏನು ಹೇಳಲಿ ಎಂದು ಕೇಳಿದ್ದಾರೆ.

ಬೇಡವೆನ್ನಬೇಡಿ, ತಾಯಿ. ಹಾಗೆಂದು ಕೂಡಲೇ ಹೂಂ ಎಂದೂ ಅನ್ನಬೇಡಿ. ಮೂರು ಪ್ರಶ್ನೆ ಕೇಳಿ. ಅದು ಎಷ್ಟು ತೂಗುತ್ತದೆ? ಹೇಗೆ ನಡೆಯುತ್ತದೆ? ಹೇಗೆ ನಿಲ್ಲುತ್ತದೆ? ಮೂರಕ್ಕೂ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ ಹುಡುಗನಿಗೆ ಧಾರಾಳವಾಗಿ ಹಣ ಕೊಡಬಹುದು. ಅವನು ಆಟಿಕೆ ಕೇಳುತ್ತಿಲ್ಲ, ವಿದ್ಯೆ ಕೇಳುತ್ತಿದ್ದಾನೆ.

ಮೊದಲನೆಯದು ತೂಕ. ಉದಾಹರಣೆಗೆ, ಮಾದರಿ ಕಟ್ಟುವವರಿಗೆಲ್ಲ ಬಲು ಮೆಚ್ಚಾದ ಜರ್ಮನಿಯ ಟೈಗರ್-1 ಟ್ಯಾಂಕನ್ನೇ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಟ್ಯುನೀಸಿಯದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ ಇಂಥದೊಂದು ಟ್ಯಾಂಕು ಇಂಗ್ಲೆಂಡಿನ ಬೋವಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ತೂಕ ಸುಮಾರು 57 ಟನ್ನು. ತೋಪನ್ನು ಬಿಟ್ಟರೆ ಉದ್ದ 6.3 ಮೀಟರು, ಅಗಲ ಸುಮಾರು 3.7 ಮೀಟರು. ಆರರಿಂದ ಭಾಗಿಸಿದರೆ ಉದ್ದ 105 ಸೆಂಟಿಮೀಟರು, ಅಗಲ 62 ಸೆಂಟಿಮೀಟರು. "ಇಷ್ಟೇನೇ? ನಮ್ಮ ಚಹದ ಮೇಜಿನಷ್ಟಾಯಿತು" ಎನ್ನಿಸುತ್ತದೆ. ಮೋಸ ಇರುವುದು ಇಲ್ಲಿಯೇ.

ಉದ್ದ ಆರು ಪಾಲು ಇಳಿದಾಗ ಅಗಲವೂ ಆರು ಪಾಲು ಇಳಿಯುತ್ತದೆ, ಎತ್ತರವೂ ಇಳಿಯುತ್ತದೆ. ಆದ್ದರಿಂದ ತೂಕ ಇಳಿಯುವುದು ಆರಾರಲಿ ಮೂವತ್ತಾರು, ಮೂವತ್ತಾರಾರಲಿ ಇನ್ನೂರ ಹದಿನಾರು ಪಾಲು. 57 ಟನ್ನನ್ನು 216ರಿಂದ ಭಾಗಿಸಿದರೆ 264 ಕಿಲೋ ಬರುತ್ತದೆ! ಕವಚಕ್ಕೆ ದಪ್ಪ ಉಕ್ಕಿನ ಬದಲು ತೆಳುವಾದ ಅಲ್ಯೂಮಿನಿಯಂ ಹಾಕಿ ಇದನ್ನು ಬಹುಮಟ್ಟಿಗೆ ಇಳಿಸಬಹುದು, ನಿಜ. ಆದರೂ ಲೋಹದಲ್ಲಿ ಕಟ್ಟಿದ ಇಂಥ ಮಾದರಿಯನ್ನು ಒಬ್ಬನೇ ಎತ್ತಿ ಅಟ್ಟಕ್ಕಿಡುವ ಮಾತಿಲ್ಲ. ಮೂರನೆಯ ಅಂತಸ್ತಿನ ಮನೆಯವರು ಅದನ್ನು ಮೆಟ್ಟಿಲಿಳಿಸುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಮುಂಬಯಿಯ ಒಂದೇ ಕೋಣೆಯ ಬಿಡಾರದವರಿಗೆ ಹದಿನಾರನೆಯ ಒಂದು ಅಳತೆಯೇ ಲೇಸು. ಆಗ ಉದ್ದ 40 ಸೆಂಟಿಮೀಟರಿಗೂ ತುಸು ಕಡಿಮೆ. ಲೆಕ್ಕದ ತೂಕ 14 ಕಿಲೋ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಅದಕ್ಕಿಂತ ಎಷ್ಟೋ ಹಗುರ. ಮಂಚದಡಿಗೆ ಸೇರುತ್ತದೆ, ಮನೆಯಲ್ಲಿ ಶಾಂತಿಯೂ ಇರುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ನೆಲಕ್ಕೆ ತಾಗುವ ಪಟ್ಟಿಯ ವಿಸ್ತಾರ ಇಳಿಯುವುದು 36 ಪಾಲು ಮಾತ್ರ. ಆದ್ದರಿಂದ ತೂಕವನ್ನು ಲೆಕ್ಕಕ್ಕೆ ಸರಿಯಾಗಿ ಇಟ್ಟರೂ ಮಾದರಿಯು ನೆಲವನ್ನು ಒತ್ತುವುದು ನಿಜವಾದ ಟ್ಯಾಂಕಿನ ಆರನೆಯ ಒಂದರಷ್ಟೇ. ನಿಜದ ಟೈಗರ್ ಹೂತುಹೋಗುವ ಕೆಸರಿನಲ್ಲಿ ಇದು ತೇಲಿದಂತೆ ಸಾಗುತ್ತದೆ. ಕಲ್ಲು ಸಿಕ್ಕರೆ ಮಾತ್ರ ಆನೆಯಂತೆ ತೂಗದೆ ಆಡಿನಂತೆ ಕುಪ್ಪಳಿಸುತ್ತದೆ. ಸ್ಪ್ರಿಂಗುಗಳನ್ನು ಮೆದುವಾಗಿ ಇಡಬೇಕಾದದ್ದು ಅದಕ್ಕಾಗಿಯೇ.

ಎರಡನೆಯದು ನಡಿಗೆ. ಟ್ಯಾಂಕಿಗೆ ಮೋಟಾರು ಕಾರಿನಂತೆ ತಿರುಗುವ ಮುಂಗಾಲಿಗಳಿಲ್ಲ. ಎಡಕ್ಕೊಂದು, ಬಲಕ್ಕೊಂದು ಚೈನು ಪಟ್ಟಿ. ಮಾದರಿಯಲ್ಲಿ ಸಾಮಾನ್ಯವಾಗಿ ಪಟ್ಟಿಗೊಂದು ಮೋಟಾರು. ಎರಡೂ ಸಮವಾಗಿ ಓಡಿದರೆ ನೆಟ್ಟಗೆ ಹೋಗುತ್ತದೆ. ಒಂದು ನಿಧಾನವಾದರೆ ಅತ್ತ ಕಡೆಗೆ ತಿರುಗುತ್ತದೆ. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಓಡಿದರೆ ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ. ನೋಡುವವರಿಗೆ ಇದು ಬಲು ಚೆಂದ, ಮೋಟಾರಿಗೆ ಬಲು ಕಷ್ಟ. ಪಟ್ಟಿಗಳು ನೆಲವನ್ನು ಅಡ್ಡಡ್ಡ ಉಜ್ಜಬೇಕಾದ್ದರಿಂದ ವಿದ್ಯುತ್ತು ಅತಿ ಹೆಚ್ಚು ಹರಿಯುವುದು ಆಗಲೇ. ತಂತಿಯ ದಪ್ಪವನ್ನೂ ಫ್ಯೂಸನ್ನೂ ಈ ಸುತ್ತಿನ ಲೆಕ್ಕಕ್ಕೆ ಆರಿಸಬೇಕು, ನೆಟ್ಟಗಿನ ಓಟದ ಲೆಕ್ಕಕ್ಕಲ್ಲ.

ವೇಗವೆಷ್ಟು? ನಿಜದ ಟೈಗರ್ ರಸ್ತೆಯ ಮೇಲೆ ಗಂಟೆಗೆ ಸುಮಾರು 38 ಕಿಲೋಮೀಟರು ಓಡುತ್ತಿತ್ತು. ಆರರಿಂದ ಭಾಗಿಸಿದರೆ 6.3, ನಾವು ನೀವು ಬಿರುಸಾಗಿ ನಡೆದಷ್ಟು. ಅಂದರೆ ನಿಮಿಷಕ್ಕೆ 105 ಮೀಟರು. ಪಟ್ಟಿಯನ್ನು ಎಳೆಯುವ ಹಲ್ಲುಗಾಲಿಯ ವ್ಯಾಸ 14 ಸೆಂಟಿಮೀಟರು ಎಂದಿಟ್ಟುಕೊಂಡರೆ ಅದರ ಸುತ್ತಳತೆ 44 ಸೆಂಟಿಮೀಟರು; ಅದು ನಿಮಿಷಕ್ಕೆ ಸುಮಾರು 240 ಸುತ್ತು ತಿರುಗಬೇಕು. ಮೋಟಾರು ನಿಮಿಷಕ್ಕೆ 2,400 ಸುತ್ತು ತಿರುಗುವುದಾದರೆ ನಡುವೆ ಹತ್ತಕ್ಕೊಂದರ ಗೇರು ಬೇಕು. ಕಾಲು ಗಂಟೆಯ ಲೆಕ್ಕವಿದು. ಇದನ್ನು ಮಾಡದೆ ಪೇಟೆಗೆ ಹೋದವನು ಅಂಗಡಿಯವನು ಕೊಟ್ಟದ್ದನ್ನು ತಂದು, ಆಮೇಲೆ ಅದಕ್ಕೆ ತಕ್ಕಂತೆ ಟ್ಯಾಂಕನ್ನು ಕೊರೆಯುತ್ತಾ ಕೂರಬೇಕಾಗುತ್ತದೆ. ಗಾಲಿಕುರ್ಚಿಗಳಿಗೆ ಹಾಕುವ 24 ವೋಲ್ಟಿನ ಗೇರು ಮೋಟಾರುಗಳನ್ನು ಅನೇಕರು ಬಳಸುತ್ತಾರೆ. ಅವು ಮನುಷ್ಯನ ಭಾರವನ್ನು ಮೆಲ್ಲಗೆ ಎಳೆಯಲೆಂದೇ ಹುಟ್ಟಿದವು. ಗೇರು ಒಳಗೇ ಇರುವುದರಿಂದ ಸುತ್ತಿನ ಲೆಕ್ಕವನ್ನು ಮಾತ್ರ ತಾಳೆ ನೋಡಿದರಾಯಿತು.

ಇನ್ನು ಪಟ್ಟಿಯ ಕೆಲಸ. ಟೈಗರಿನ ಒಂದೊಂದು ಪಟ್ಟಿಯಲ್ಲಿ 96 ಕೊಂಡಿಗಳು; ಎರಡು ಸೇರಿ 192. ಪ್ರತಿಯೊಂದಕ್ಕೂ ತೂತು, ಪ್ರತಿಯೊಂದಕ್ಕೂ ಪಿನ್ನು. ಒಂದು ಕೊಂಡಿಯ ತೂತು ಅರ್ಧ ಮಿಲಿಮೀಟರು ಆಚೀಚೆಯಾದರೆ ಕಣ್ಣಿಗೆ ಕಾಣದು. 96 ಕೊಂಡಿಗಳ ತಪ್ಪು ಒಂದೇ ಕಡೆಗೆ ಕೂಡಿದರೆ ಒಂದು ಪಟ್ಟಿ ಇನ್ನೊಂದಕ್ಕಿಂತ ಐದು ಸೆಂಟಿಮೀಟರಿನಷ್ಟು ಉದ್ದವಾಗಿ, ಟ್ಯಾಂಕು ಓಡುವಾಗ ಕಳಚಿ ಬೀಳುತ್ತದೆ. ಆದ್ದರಿಂದ ಕಣ್ಣಳತೆಯನ್ನು ನಂಬದೆ, ಒಂದೇ ಅಚ್ಚಿನಲ್ಲಿಟ್ಟು ಎಲ್ಲವನ್ನೂ ಕೊರೆಯಬೇಕು. ಬೇಸರದ ಕೆಲಸವೇ ಸರಿ. ಹುಡುಗನಿಗೆ ಈ ಹವ್ಯಾಸ ಒಗ್ಗುವುದೋ ಇಲ್ಲವೋ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬಹುದು. ದುಡ್ಡಿನ ದೊಡ್ಡ ಬಾಬುಗಳಿಗೆ ಕೈಹಾಕುವ ಮುನ್ನ ಹತ್ತು ಕೊಂಡಿ ಮಾಡಿ ತೋರಿಸೆನ್ನಿ. ಹತ್ತನೆಯದು ಮೊದಲನೆಯದರಷ್ಟೇ ಅಚ್ಚುಕಟ್ಟಾಗಿದ್ದರೆ ಹನ್ನೊಂದನೆಯದಕ್ಕೆ ನೀವೇ ಲೋಹ ತರಿಸಿಕೊಡಿ. ಹೊಗೆ, ಸದ್ದು, ದೀಪ, ತಿರುಗುವ ತೋಪು ಇವೆಲ್ಲ ಕಡೆಯ ಅಲಂಕಾರ. ಮದುವೆಗೆ ಮುಂಚೆ ಓಲಗ ಬೇಡ.

ನಿಜವಾದ ಟ್ಯಾಂಕಿನ ಮುಂದೆ ಒಮ್ಮೆ ನಿಲ್ಲುವುದೂ ಒಳ್ಳೆಯದು. ಪುಣೆಯವರಿಗೆ ಇದು ಸುಲಭ. ಈಗ ಅಹಿಲ್ಯಾನಗರವೆಂದು ಹೆಸರಾಗಿರುವ ಅಹ್ಮದನಗರದಲ್ಲಿ 1994ರಲ್ಲಿ ತೆರೆದ ಟ್ಯಾಂಕುಗಳ ವಸ್ತುಸಂಗ್ರಹಾಲಯವಿದೆ. ಮದರಾಸಿನ ಬಳಿಯ ಆವಡಿಯ ಕಾರ್ಖಾನೆಯಲ್ಲಿ ತಯಾರಾದ ವಿಜಯಂತವನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಅಳತೆಪಟ್ಟಿ ತೋರಿಸದ ಒಂದು ಸಂಗತಿಯನ್ನು ಅದು ತೋರಿಸುತ್ತದೆ: ಇದರೊಳಗೆ ಮನುಷ್ಯರು ಕುಳಿತಿದ್ದರು, ಇದರ ಎದುರಿಗೂ ಮನುಷ್ಯರೇ ಇದ್ದರು. ಕಟ್ಟುವ ಹುಡುಗನಿಗೆ ಇದರ ಅರಿವಿರಬೇಕು. ಆಗ ಅವನ ಕೈಗೆ ಕೌಶಲದೊಡನೆ ಗಾಂಭೀರ್ಯವೂ ಬರುತ್ತದೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಟ್ಯಾಂಕು ಸಿದ್ಧವಾಯಿತೆನ್ನಿ, ರಾಜ್ಯೋತ್ಸವದ ದಿನ ಸಂಘದ ಅಂಗಳದಲ್ಲಿ ಓಡಿಸಿ ತೋರಿಸು ಎಂದು ಎಲ್ಲರೂ ಒತ್ತಾಯಿಸುತ್ತಾರೆ. ಚಿಕ್ಕ ಮಕ್ಕಳು ಇರುವೆಗಳಂತೆ ಸುತ್ತ ಕವಿಯುತ್ತಾರೆ. ನಾಲ್ಕಾಳು ಎತ್ತುವಷ್ಟು ಭಾರದ ಯಂತ್ರ, ಹಲ್ಲುಗಾಲಿಗೂ ಪಟ್ಟಿಗೂ ನಡುವೆ ಬೆರಳು ಹೋಗುವಷ್ಟು ಸಂದು. ಆ ಹೊತ್ತಿಗೆ ಕೈಯಲ್ಲಿನ ಪೆಟ್ಟಿಗೆಯ ಬ್ಯಾಟರಿ ತೀರಿ ಸಂಕೇತ ನಿಂತುಹೋದರೆ ಟ್ಯಾಂಕು ಏನು ಮಾಡುತ್ತದೆ? ಕಡೆಯ ಆಜ್ಞೆಯನ್ನೇ ಹಿಡಿದು ಮುಂದಕ್ಕೆ ಹೋಗುತ್ತದೆಯೋ, ನಿಲ್ಲುತ್ತದೆಯೋ?

ಇಂದಿನ 2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ಸಂಕೇತ ತಪ್ಪಿದರೆ ಮೋಟಾರನ್ನು ನಿಲ್ಲಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಆದರೆ ಅದನ್ನು ಹೊಂದಿಸುವ ಹೊಣೆ ಕಟ್ಟಿದವನದು. ಜೊತೆಗೆ ಟ್ಯಾಂಕಿನ ಹಿಂಬದಿಯಲ್ಲಿ, ಯಾರು ಬೇಕಾದರೂ ಅಂಗೈಯಿಂದ ಒತ್ತುವಂತೆ, ಒಂದು ಕೆಂಪು ಗುಂಡಿ ಇರಲಿ. ಒತ್ತಿದೊಡನೆ ಬ್ಯಾಟರಿಯ ಸಂಬಂಧ ಕಡಿಯಬೇಕು. ಹಚ್ಚುವಾಗ ಕೈಪೆಟ್ಟಿಗೆ ಮೊದಲು, ಟ್ಯಾಂಕು ಆಮೇಲೆ. ಆರಿಸುವಾಗ ಟ್ಯಾಂಕು ಮೊದಲು, ಕೈಪೆಟ್ಟಿಗೆ ಆಮೇಲೆ. ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ರಾತ್ರಿ ಮಲಗಕೂಡದು. ಈ ಮಾತುಗಳನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದು ಅಂಟಿಸಿದರೂ ಸರಿಯೇ.

ಪರೀಕ್ಷೆಯೂ ಕಷ್ಟದ್ದಲ್ಲ. ಪಟ್ಟಿಗಳು ನೆಲಕ್ಕೆ ತಾಗದಂತೆ ಟ್ಯಾಂಕನ್ನು ಭದ್ರವಾದ ಮರದ ದಿಮ್ಮಿಗಳ ಮೇಲೆ ಏರಿಸಿ, ಮಕ್ಕಳನ್ನು ದೂರ ನಿಲ್ಲಿಸಿ, ಪೂರ್ಣ ವೇಗದಲ್ಲಿ ಓಡಿಸಬೇಕು. ಓಡುತ್ತಿರುವಾಗಲೇ ಕೈಪೆಟ್ಟಿಗೆಯನ್ನು ಆರಿಸಬೇಕು. ಪಟ್ಟಿಗಳು ಕೂಡಲೇ ನಿಂತರೆ ಮರುದಿನ ಅಂಗಳಕ್ಕೆ ಇಳಿಸಬಹುದು. ನಿಲ್ಲದಿದ್ದರೆ ಅದು ದಿಮ್ಮಿಯ ಮೇಲೆಯೇ ಇರಲಿ.