ಜಗ್ಗಿದ್ದು ಎಂಜಿನ್ನೋ, ಟೈರೋ?

ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ನಡುವೆ ಸರಪಳಿ ಬಿಗಿದು, ಒಂದನ್ನು ಆ ಕಡೆ ಇನ್ನೊಂದನ್ನು ಈ ಕಡೆ ಓಡಿಸುವ ಜಗ್ಗಾಟ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಬಯಲಿನಲ್ಲಿ ನಡೆದದ್ದು ಸಂಜೆಯೊಳಗೆ ಮೊಬೈಲಿಗೆ ಬರುತ್ತದೆ. ಮರುದಿನ ಚಹಾದಂಗಡಿಯಲ್ಲಿ ತೀರ್ಪೂ ಆಗಿಬಿಡುತ್ತದೆ: ಕೆಂಪು ಟ್ರ್ಯಾಕ್ಟರು ನೀಲಿಯನ್ನು ಎಳಕೊಂಡು ಹೋಯಿತು, ಹಾಗಾದರೆ ಕೆಂಪಿನ ಎಂಜಿನ್ನೇ ಗಟ್ಟಿ. ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿನಲ್ಲಿ ಲಕ್ಷಗಟ್ಟಲೆ ಸಾಲ ಎತ್ತಿ ಟ್ರ್ಯಾಕ್ಟರು ಕೊಳ್ಳಲು ಹೊರಟ ರೈತನ ತಲೆಯಲ್ಲೂ ಇಂಥ ವಿಡಿಯೊ ಕೂತಿರುತ್ತದೆ. ಆದ್ದರಿಂದ ಇದನ್ನು ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ.

ಅದೇ ವಿಡಿಯೊವನ್ನು ಸದ್ದು ಬಂದ್ ಮಾಡಿ, ಸೋತ ಟ್ರ್ಯಾಕ್ಟರಿನ ಹಿಂಗಾಲಿಯ ಮೇಲಷ್ಟೇ ಕಣ್ಣಿಟ್ಟು ನೋಡಿ. ಹೆಚ್ಚಿನ ಸಲ ಎಂಜಿನ್ ನಿಂತಿರುವುದಿಲ್ಲ. ಹೊಗೆ ಉಗುಳುತ್ತಿರುತ್ತದೆ, ಗಾಲಿ ಗರಗರ ತಿರುಗುತ್ತಿರುತ್ತದೆ, ಮಣ್ಣು ಹಾರುತ್ತಿರುತ್ತದೆ. ಟ್ರ್ಯಾಕ್ಟರು ಮಾತ್ರ ಹಿಂದಕ್ಕೆ ಸರಿಯುತ್ತಿರುತ್ತದೆ. ಎಂಜಿನ್ನಿನ ಕಸುವು ತೀರಿದ್ದರೆ ಅದು ಉಸಿರುಕಟ್ಟಿ ಬಂದ್ ಬೀಳಬೇಕಿತ್ತು. ಬಿದ್ದಿಲ್ಲ ಎಂದಮೇಲೆ ಅದರ ಪರೀಕ್ಷೆಯೇ ಆಗಿಲ್ಲ. ಕೆಳಗಿನ ಗೇರಿನಲ್ಲಿ ಸಾಧಾರಣ ಎಂಜಿನ್ನೂ ಗಾಲಿಯ ಹಿಡಿತಕ್ಕಿಂತ ಹೆಚ್ಚಿನ ಬಲ ಕೊಡಬಲ್ಲದು. ಅಲ್ಲಿ ಗೆಲುವನ್ನು ತೀರ್ಮಾನಿಸುವುದು ಹಿಂದಿನ ಅಚ್ಚಿನ ಮೇಲಿನ ಭಾರ, ಟೈರು, ಟೈರಿನ ಕೆಳಗಿನ ಮಣ್ಣು. ಈ ಮೂರರ ಬಗ್ಗೆ ಮೈಕಿನಲ್ಲಿ ಒಂದು ಮಾತೂ ಬರುವುದಿಲ್ಲ. ಬರುವುದು ಕಂಪನಿಯ ಹೆಸರು ಮತ್ತು ಎಚ್‌ಪಿ.

ಟೈರಿನ ಮಗ್ಗುಲಲ್ಲಿ 13.6-28 ಎಂದೋ 14.9-28 ಎಂದೋ 16.9-28 ಎಂದೋ ಉಬ್ಬಿದ ಅಕ್ಷರಗಳಿರುತ್ತವೆ. ಮೊದಲನೆಯದು ಇಂಚಿನಲ್ಲಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ. ಒಂದೇ ಮಾದರಿಯ ಟ್ರ್ಯಾಕ್ಟರನ್ನೇ ಬೇರೆ ಬೇರೆ ಅಳತೆಯ ಟೈರಿನಲ್ಲಿ ಮಾರುವುದುಂಟು. ಇನ್ನು ಕಣ್ಣಿಗೆ ಕಾಣದ್ದು ಟೈರಿನೊಳಗಿನ ನೀರು. ಒಂದೊಂದು ಹಿಂಗಾಲಿಗೆ ನೂರು ಲೀಟರಿಗೂ ಮೀರಿ ನೀರು ಹಿಡಿಯುತ್ತದೆ, ಅಂದರೆ ಎರಡೂ ಕಡೆ ಸೇರಿ ಕ್ವಿಂಟಲುಗಟ್ಟಲೆ ಗುಪ್ತ ಭಾರ. ಮೇಲೆ ಎರಕದ ತೂಕದ ಬಿಲ್ಲೆಗಳನ್ನು ಬೋಲ್ಟು ಹಾಕಿ ಕೂರಿಸಿದ್ದರೆ ಅದು ಬೇರೆ. ಟೈರಿನ ಹಲ್ಲು ಹೊಸದೋ, ಕಬ್ಬಿನ ಲೋಡು ಹೊಡೆದು ಡಾಂಬರಿನಲ್ಲಿ ಸವೆದದ್ದೋ ಎಂಬುದಂತೂ ಎದ್ದು ಕಾಣುವ ವ್ಯತ್ಯಾಸ. ಮಣ್ಣಿಗೆ ಬಂದರೆ ಎರೆಮಣ್ಣಿನ ಆಟವೇ ಬೇರೆ. ಒಂದು ಮಳೆ ಬಿದ್ದರೆ ಹಲ್ಲುಗಳ ಸಂದಿಯಲ್ಲಿ ಜಿಗುಟು ಮಣ್ಣು ಮೆತ್ತಿಕೊಂಡು ಹೊಸ ಟೈರೂ ಬೋಳಾಗುತ್ತದೆ. ಮಸಾರಿ ನೆಲದ ಫಲಿತಾಂಶ ಎರೆಯಲ್ಲಿ ತಿರುಗುಮುರುಗಾದರೆ ಅಚ್ಚರಿಯಿಲ್ಲ.

ಎಂಜಿನ್ನೋ ಟೈರೋ ಎಂಬ ಈ ಜಗಳ ನಮ್ಮ ಜಾತ್ರೆಯ ಬಯಲಿಗೆ ಸೀಮಿತವಲ್ಲ. ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲೂ ಇದೇ ಕತೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ತಮ್ಮ ಜಿಟಿ-ಆರ್ ಕಾರು 7 ನಿಮಿಷ 29 ಸೆಕೆಂಡಿನಲ್ಲಿ ಸುತ್ತು ಮುಗಿಸಿತು ಎಂದು 2008ರಲ್ಲಿ ನಿಸಾನ್ ಸಾರಿತು. ಪೋರ್ಷೆ ಕಂಪನಿಯವರು ತಾವೇ ಒಂದು ಜಿಟಿ-ಆರ್ ಕೊಂಡು ಅದೇ ಟ್ರ್ಯಾಕಿನಲ್ಲಿ ಓಡಿಸಿದರು. ಅವರ ಲೆಕ್ಕಕ್ಕೆ ಸಿಕ್ಕಿದ್ದು 7 ನಿಮಿಷ 54 ಸೆಕೆಂಡು. ನಿಸಾನ್ ಓಡಿಸಿದ್ದು ಅಂಗಡಿಯಲ್ಲಿ ಸಿಗುವ ಟೈರಿನಲ್ಲಲ್ಲ ಎಂಬ ಅನುಮಾನ ಪೋರ್ಷೆಯದು. ನಮ್ಮದು ಮಾಮೂಲಿ ಟೈರೇ, ಓಡಿಸುವ ಕೈ ಪಳಗಿರಬೇಕು ಎಂಬ ಧಾಟಿಯ ಉತ್ತರ ನಿಸಾನ್‌ದು. ಇಬ್ಬರಲ್ಲಿ ಯಾರು ಸರಿ ಎನ್ನುವುದಕ್ಕಿಂತ, 25 ಸೆಕೆಂಡುಗಳ ಅಂತರ ಕಂಡ ಕೂಡಲೇ ಆ ಎಂಜಿನಿಯರುಗಳ ಕಣ್ಣು ಟೈರಿನ ಕಡೆ ತಿರುಗಿತಲ್ಲ, ಅದನ್ನು ಗಮನಿಸಬೇಕು. ಹೋಂಡಾ 2017ರಲ್ಲಿ ಸಿವಿಕ್ ಟೈಪ್ ಆರ್ ಕಾರಿನ 7 ನಿಮಿಷ 43.8 ಸೆಕೆಂಡಿನ ದಾಖಲೆ ಪ್ರಕಟಿಸಿದಾಗ, ಕಾರಿಗೆ ಹಾಕಿದ್ದು ರಸ್ತೆಗೆ ಕಾನೂನಿನ ಒಪ್ಪಿಗೆಯಿರುವ, ಆದರೆ ಟ್ರ್ಯಾಕಿಗೆಂದೇ ಮಾಡಿದ ಟೈರು ಎಂದು ತಾನೇ ಹೇಳಿಕೊಂಡಿತು. ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಆದರೆ ಜನರ ಬಾಯಲ್ಲಿ ಉಳಿಯುವುದು 7:43.8 ಮಾತ್ರ.

ಕಾರು ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗುವುದು ನಾಲ್ಕು ಅಂಗೈಯಗಲದ ರಬ್ಬರು. ರಬ್ಬರು ಮೆದುವಾದಷ್ಟೂ, ಹದವಾಗಿ ಬಿಸಿಯಾದಷ್ಟೂ ಟಾರನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ ಕೂಡ. 

ಹಾಗಾದರೆ ಇಬ್ಬರಿಗೂ ಒಂದೇ ಟೈರು ಹಾಕಿಸಿದರೆ ನ್ಯಾಯ ಸಿಕ್ಕಿತೇ? ಪೂರ್ತಿ ಅಲ್ಲ. ಕಂಪನಿಯವರು ಸ್ಪ್ರಿಂಗು, ಬ್ರೇಕು, ಸ್ಟೀರಿಂಗು ಎಲ್ಲವನ್ನೂ ಒಂದು ಟೈರನ್ನು ಮನಸ್ಸಿನಲ್ಲಿಟ್ಟೇ ಕೂಡಿಸಿರುತ್ತಾರೆ. ಅದನ್ನು ಕಿತ್ತು ಬೇರೆ ಹಾಕಿದರೆ ಅದು ಅವರು ಮಾಡಿದ ಕಾರಲ್ಲ ಎಂಬ ವಾದದಲ್ಲಿ ತಿರುಳಿದೆ. ಒಂದೇ ಟೈರಿನ ಹೋಲಿಕೆ ಎಂಜಿನಿಯರನಿಗೆ ಬೇಕಾದದ್ದು. ಷೋರೂಮಿನಿಂದ ಬಂದಂತೆಯೇ ಓಡಿಸುವ ಹೋಲಿಕೆ ಕೊಳ್ಳುವವನಿಗೆ ಬೇಕಾದದ್ದು. ನನ್ನ ಒಲವು ಎರಡನೆಯದರ ಕಡೆಗೆ. ಮೋಸ ಆಗುವುದು ಒಬ್ಬನದು ಷೋರೂಮಿನ ಟೈರು, ಇನ್ನೊಬ್ಬನದು ವಿಶೇಷ ಟೈರು ಇದ್ದು, ಅಂಕಿಗಳನ್ನು ಮಾತ್ರ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಬರೆದಾಗ. ಡಬ್ಬಿ ತಳಿಯೋ ಕಡ್ಡಿ ತಳಿಯೋ, ಹಸಿಯೋ ಒಣಗಿದ್ದೋ ಹೇಳದೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಇಬ್ಬರ ಮೆಣಸಿನಕಾಯಿ ದರ ಹೋಲಿಸಿದರೆ ಯಾರು ಒಪ್ಪುತ್ತಾರೆ?

ಟ್ರ್ಯಾಕ್ಟರು ಮತ್ತು ರೇಸು ದೂರದ ನೆಂಟರೂ ಅಲ್ಲ. 1930ರ ದಶಕದ ಆರಂಭದವರೆಗೆ ಅಮೆರಿಕದ ಟ್ರ್ಯಾಕ್ಟರುಗಳಿಗೆ ಬಹುಪಾಲು ಉಕ್ಕಿನ ಗಾಲಿಯೇ. ಅಲ್ಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರು ತಂದಾಗ ರೈತರಿಗೆ ನಂಬಿಕೆ ಬರಲಿಲ್ಲ. ಆಗ ಕಂಪನಿಯವರು ಹೆಸರಾಂತ ರೇಸ್ ಚಾಲಕ ಬಾರ್ನಿ ಓಲ್ಡ್‌ಫೀಲ್ಡ್ ಅವರನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿದರು. 1933ರಲ್ಲಿ ಅವರು ಅದನ್ನು ಗಂಟೆಗೆ 64 ಮೈಲಿಗೂ ಮೀರಿ ಓಡಿಸಿದರು. ಜಾಹೀರಾತಿಗೆ ಅದು ಸಾಕಾಗಿತ್ತು, ಹೊಲಕ್ಕೆ ಸಾಲದು. ಹೊಲದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನೆಬ್ರಾಸ್ಕದಲ್ಲಿ. ಅಲ್ಲಿ ವಿಲ್ಮಟ್ ಕ್ರೋಜರ್ ಎಂಬ ರೈತ, ಹೆನ್ರಿ ಫೋರ್ಡ್‌ಗೆ ಸಂಬಂಧವೇ ಇಲ್ಲದ ‘ಫೋರ್ಡ್’ ಹೆಸರಿನ ಕಳಪೆ ಟ್ರ್ಯಾಕ್ಟರು ಕೊಂಡು ಕೈ ಸುಟ್ಟುಕೊಂಡಿದ್ದರು. ಶಾಸಕರಾದ ಮೇಲೆ, ಪರೀಕ್ಷೆಗೆ ಒಳಪಡದ ಟ್ರ್ಯಾಕ್ಟರು ರಾಜ್ಯದಲ್ಲಿ ಮಾರಾಟವಾಗಬಾರದು ಎಂಬ ಕಾನೂನನ್ನು 1919ರಲ್ಲಿ ತರಿಸಿದರು. 1934ರಲ್ಲಿ ಅಲ್ಲಿಯೇ ಅಲ್ಲಿಸ್-ಚಾಮರ್ಸ್‌ನ ಡಬ್ಲ್ಯುಸಿ ಮಾದರಿಯನ್ನು ಉಕ್ಕಿನ ಗಾಲಿಯಲ್ಲೂ ರಬ್ಬರ್ ಟೈರಿನಲ್ಲೂ ಪರೀಕ್ಷಿಸಿದರು. ಟ್ರ್ಯಾಕ್ಟರು ಒಂದೇ, ಬದಲಾದದ್ದು ಗಾಲಿ. ಹೋಲಿಕೆ ಎಂದರೆ ಹಾಗಿರಬೇಕು.

ಇಂದು ಟ್ರ್ಯಾಕ್ಟರ್ ಪರೀಕ್ಷೆಯ ಅಂತರರಾಷ್ಟ್ರೀಯ ನಿಯಮಾವಳಿ ಸ್ಪೋರ್ಟ್ಸ್ ಕಾರಿನ ಹೋಲಿಕೆಗಳಿಗಿಂತ ಎಷ್ಟೋ ಶಿಸ್ತಿನದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ನಿಯಮದ ಪ್ರಕಾರ ಜಗ್ಗುವ ಪರೀಕ್ಷೆಗೆ ಬಳಸುವ ಟೈರಿನ ಹಲ್ಲು ಹೊಸದರ ಎತ್ತರದ ಶೇ 65ಕ್ಕಿಂತ ಕಡಿಮೆ ಇರುವಂತಿಲ್ಲ. ಗಾಲಿ ಜಾರುವ ಪ್ರಮಾಣ ಶೇ 15 ದಾಟಿದರೆ ಆ ಎಳೆತ ಲೆಕ್ಕಕ್ಕಿಲ್ಲ. ಈ ಎರಡನೆಯ ನಿಯಮವನ್ನು ನಮ್ಮ ಜಗ್ಗಾಟಕ್ಕೆ ಹಚ್ಚಿದರೆ ಅರ್ಧಕ್ಕರ್ಧ ವಿಡಿಯೊಗಳು ಅಲ್ಲೇ ರದ್ದಾದಾವು. ನಮ್ಮ ದೇಶದಲ್ಲಿ ಈ ಕೆಲಸ ಮಾಡುವುದು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ. ಅದರ ವರದಿಯಲ್ಲಿ ಎಳೆತದ ಅಂಕಿಯ ಜೊತೆಗೆ ಟೈರಿನ ಅಳತೆ, ಗಾಳಿಯ ಒತ್ತಡ, ಹೇರಿದ ಭಾರ ಎಲ್ಲವೂ ಇರುತ್ತವೆ.

ಹಾವೇರಿ, ಧಾರವಾಡ ಸೀಮೆಯ ಖಾಲಿ ಗಾಡಾ ಓಟದವರಿಗೆ ಈ ಸೂಕ್ಷ್ಮ ಹೊಸದಾಗಿ ಹೇಳಿಕೊಡಬೇಕಿಲ್ಲ. ನಿಗದಿತ ಸಮಯದಲ್ಲಿ ಎತ್ತಿನ ಜೋಡಿ ಎಷ್ಟು ಅಡಿ ಓಡಿತು ಎಂದು ಅಳೆಯುವ ಸ್ಪರ್ಧೆ ಅದು. ಒಂದು ಜೋಡಿಗೆ ಹಳಿ ಕಟ್ಟಿದ ಕಟ್ಟಿಗೆಯ ಗಾಲಿ, ಇನ್ನೊಂದಕ್ಕೆ ಬೇರಿಂಗು ಕೂರಿಸಿದ ಟೈರಿನ ಗಾಲಿ ಕೊಟ್ಟು ಓಡಿಸಿದರೆ ಎತ್ತಿನ ಮಾಲೀಕರು ಸುಮ್ಮನಿದ್ದಾರೆಯೇ? ಎತ್ತಿನ ವಿಷಯದಲ್ಲಿ ಇಷ್ಟು ಚೊಕ್ಕ ಕಣ್ಣಿರುವ ಊರುಗಳೇ ಟ್ರ್ಯಾಕ್ಟರಿನ ಮುಂದೆ ಬಣ್ಣ ನೋಡಿ ಮರುಳಾಗುವುದು ನನಗೆ ಅರ್ಥವಾಗದ ಸಂಗತಿ.

ಜಗ್ಗಾಟದಲ್ಲಿ ಗೆಲ್ಲಿಸುವ ಅಗಲ ಟೈರು ಹೊಲದಲ್ಲಿ ಯಾವಾಗಲೂ ಬೇಕಾದದ್ದೂ ಅಲ್ಲ. ಹತ್ತಿಯಲ್ಲೋ ಗೋವಿನಜೋಳದಲ್ಲೋ ಎಡೆ ಹೊಡೆಯುವಾಗ ಅದೇ ಅಗಲ ಸಾಲಿನ ಮೇಲೆ ಹತ್ತುತ್ತದೆ. ನೀರು ತುಂಬಿದ ಭಾರ ಪಲ್ಟಿ ನೇಗಿಲು ಹೊಡೆಯಲು ಅನುಕೂಲ. ಆದರೆ ಬಿತ್ತನೆಗೆ ಹಸನಾದ ಹಸಿ ಎರೆಯನ್ನು ಅದೇ ಭಾರ ತುಳಿದು ಗಟ್ಟಿ ಮಾಡುತ್ತದೆ, ಡೀಸೆಲ್ಲನ್ನೂ ಹೆಚ್ಚು ಕುಡಿಸುತ್ತದೆ.

ಜಗ್ಗಾಟ ನಿಲ್ಲಿಸಿ ಎಂದರೆ ಯಾರೂ ಕೇಳಲಾರರು. ಮುಂಗಾಲಿ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚುವ ಅಪಾಯವಿರುವುದರಿಂದ ಜನರನ್ನು ದೂರ ನಿಲ್ಲಿಸುವುದಂತೂ ಆಗಲೇಬೇಕು. ಸಂಘಟಕರು ಮೈಕಿನಲ್ಲಿ ಎಚ್‌ಪಿ ಜೊತೆಗೆ ಟೈರಿನ ಅಳತೆ, ನೀರು ಇದೆಯೋ ಇಲ್ಲವೋ ಎಂಬುದನ್ನೂ ಕೂಗಲಿ, ಅದಕ್ಕೆ ಖರ್ಚಿಲ್ಲ. ಧಾರವಾಡದ ಕೃಷಿ ಮೇಳದಲ್ಲಿ ಸಾಲಾಗಿ ನಿಲ್ಲುವ ಟ್ರ್ಯಾಕ್ಟರುಗಳ ಮುಂದಿನ ಬೋರ್ಡಿನಲ್ಲೂ ಇದು ಬರಲಿ. ಇಷ್ಟರ ಜೊತೆಗೆ ಕೃಷಿ ಇಲಾಖೆ ಒಂದು ಕೆಲಸ ಮಾಡಬಹುದು: ಹೆಚ್ಚು ಮಾರಾಟವಾಗುವ ಮಾದರಿಗಳ ಬುದ್ನಿ ವರದಿಯಲ್ಲಿ ಎಳೆತ, ಟೈರು ಮತ್ತು ಭಾರದ ಪುಟವನ್ನಷ್ಟೇ ಕನ್ನಡದಲ್ಲಿ ಅಚ್ಚು ಹಾಕಿಸಿ ಹೋಬಳಿಯ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಅಂಟಿಸುವುದು.