ಗೋಡೆಗೆ ಬಿರುಕು, ಬಜೆಟ್‌ಗೆ ಶಿಲ್ಕು

ಮಾರ್ಚ್ ಬಂತೆಂದರೆ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಬಜೆಟ್ ಮಂಡನೆ. ಜೂನ್ ಬಂತೆಂದರೆ ಅದೇ ಊರುಗಳಲ್ಲಿ ನೆನೆದ ಗೋಡೆ ಕುಸಿದ ಸುದ್ದಿ. ನಡುವೆ ಇರುವುದು ಮೂರೇ ತಿಂಗಳಾದರೂ ಬಜೆಟ್ ಪುಸ್ತಕದಲ್ಲಿ ಆ ಗೋಡೆಯ ಮಾತು ಬರುವುದು ಅಪರೂಪ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳನ್ನು ಮುಂದಿಟ್ಟುಕೊಂಡು ಕಳೆದ ಆರೇಳು ವರ್ಷಗಳನ್ನು ಹಿಂತಿರುಗಿ ನೋಡಿದಾಗ ನಮಗೆ ಮುಖ್ಯವಾಗಿ ಕಾಣುವುದು ಇದು: ಶಿಥಿಲ ಕಟ್ಟಡ ತೆರವಿಗೆ ಬಜೆಟ್‌ನಲ್ಲಿ ಒಂದು ಬಾಬ್ತು ತೆರೆಯದ ಹೊರತು ಸಭೆಯ ನಿರ್ಣಯ ನಡಾವಳಿ ಪುಸ್ತಕದಲ್ಲೇ ಉಳಿಯುತ್ತದೆ.

ನಿರ್ಣಯ ಮಾಡುವವರು ಯಾರಿದ್ದರು ಎಂಬುದನ್ನೂ ಕೇಳಬೇಕು. 2019ರ ಮೇನಲ್ಲಿ ರಾಜ್ಯದ ಹಲವು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಗೆದ್ದವರು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯ ತೀರಲಿ ಎಂದು 2020ರ ಕೊನೆಯವರೆಗೆ ಕಾದರು. ಮೊದಲ ಮೂವತ್ತು ತಿಂಗಳ ಅವಧಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪ್ರಕಟವಾಗಿದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಗಳದೇ ಸಹಿ. ಕಂದಾಯ ಇಲಾಖೆಯ ಹತ್ತು ಹೊಣೆಗಳ ನಡುವೆ ಪಟ್ಟಣದ ಕಡತ ನೋಡುವ ಅಧಿಕಾರಿ ಸಂಬಳ, ಕುಡಿಯುವ ನೀರು, ಬೀದಿದೀಪದ ಬಿಲ್ಲು ನಿಲ್ಲದಂತೆ ನೋಡಿಕೊಳ್ಳಬಹುದು. ಜನ ವಾಸವಿರುವ ಮನೆಯೊಂದನ್ನು ಕೆಡವಿಸುವ ಎದೆಗಾರಿಕೆಯನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ವಾರ್ಡಿನ ಸದಸ್ಯ ಆ ಮನೆಯ ಜಗಲಿಯಲ್ಲಿ ಕೂತು ಮಾತಾಡಿ ಒಪ್ಪಿಸಬೇಕಾದ ಕೆಲಸ ಅದು.

ಕಾನೂನಿಗೆ ಕೊರತೆಯಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಅಪಾಯದ ಸ್ಥಿತಿಯ ಕಟ್ಟಡವನ್ನು ದುರಸ್ತಿ ಮಾಡಿ ಇಲ್ಲವೇ ಕೆಡವಿ ಎಂದು ಮಾಲೀಕರಿಗೆ ನೋಟಿಸ್ ಕೊಡಬಹುದು. ಕೇಳದಿದ್ದರೆ ಸಂಸ್ಥೆಯೇ ಕೆಡವಿ ಖರ್ಚನ್ನು ವಸೂಲು ಮಾಡಬಹುದು. ತೊಡಕು ಶುರುವಾಗುವುದು ನೋಟಿಸ್ ಯಾರ ಹೆಸರಿಗೆ ಎಂಬಲ್ಲಿ. ಹಳೇ ಪೇಟೆಯ ಎಷ್ಟೋ ಮನೆಗಳ ಖಾತೆ ಇನ್ನೂ ತಾತನ ಹೆಸರಲ್ಲಿದೆ. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ಪಾಲು ಆಗಿಲ್ಲ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದಾವಣಗೆರೆಯಲ್ಲಿ, ಮನೆಯೊಳಗೆ ಬಾಡಿಗೆಯವರು. ನ್ಯಾಮತಿಯಂಥ ಊರಿನಲ್ಲಿ ಇದು ಇನ್ನೂ ಗೋಜಲು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಅದು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾದ ಊರು. ಪಂಚಾಯಿತಿ ಕಾಲದ ನಮೂನೆ 9, 11ರ ದಾಖಲೆಯನ್ನು ಪಟ್ಟಣದ ಖಾತೆಗೆ ಹೊಂದಿಸುವ ಕೆಲಸವೇ ದೊಡ್ಡದು.

ಕಟ್ಟಡ ಬೀಳುವ ಬಗೆಯೂ ಎಲ್ಲ ಕಡೆ ಒಂದೇ ಅಲ್ಲ. ಜಗಳೂರಿನ ಕಡೆ ಮಳೆ ಕಡಿಮೆ, ಅಲ್ಲಿಯದು ಮಣ್ಣಿನ ಮಾಳಿಗೆಯ ಮನೆ. ಸೋರಬಾರದೆಂದು ವರ್ಷ ವರ್ಷ ಮಾಳಿಗೆ ಮೇಲೆ ಮಣ್ಣು ಹಾಕುತ್ತಾ ಬಂದಂತೆ ಭಾರ ಏರುತ್ತದೆ, ಕೆಳಗೆ ಗೆದ್ದಲು ತಿಂದ ಜಂತೆ ಸೊರಗುತ್ತದೆ. ಅಪರೂಪಕ್ಕೆ ಬರುವ ಜಡಿಮಳೆಯಲ್ಲಿ ಆ ಮಣ್ಣೆಲ್ಲ ನೀರು ಕುಡಿದು ರಾತ್ರೋರಾತ್ರಿ ತೊಲೆ ಮುರಿಯುತ್ತದೆ. ಹೊನ್ನಾಳಿಯಲ್ಲಿ ಅಪಾಯ ಕೆಳಗಿನಿಂದ ಬರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ನೀರು ಬಿಟ್ಟು ತುಂಗಭದ್ರೆ ಉಕ್ಕಿದರೆ ಬಾಲರಾಜ ಘಾಟ್‌ನಂಥ ತಗ್ಗಿನ ಜಾಗಗಳಿಗೆ ನೀರು ನುಗ್ಗುತ್ತದೆ. ನೀರು ಇಳಿದ ಮೇಲೆ ಮನೆ ನಿಂತೇ ಇರುತ್ತದೆ, ಪಾಯ ಮಾತ್ರ ಮೆತ್ತಗಾಗಿರುತ್ತದೆ. ಗಂಜಿ ಕೇಂದ್ರ ಮುಚ್ಚಿದ ಮರುದಿನ ಸಂಸಾರಗಳು ಮರಳುವುದು ಅದೇ ಗೋಡೆಗಳ ಮಧ್ಯಕ್ಕೆ. ಅಡಿಕೆಯ ಊರಾದ ಚನ್ನಗಿರಿಯ ಪೇಟೆಯಲ್ಲಿ ನೋಡಬೇಕಾದ್ದು ಮಗ್ಗುಲಿನ ನಿವೇಶನವನ್ನು. ಹಳೇ ಮಣ್ಣಿನ ಗೋಡೆಗೆ ಒತ್ತಿಕೊಂಡಂತೆ ಹೊಸ ಮಳಿಗೆಗೆ ಆಳದ ಪಾಯ ತೆಗೆದರೆ ಪಕ್ಕದ ಮನೆಗೆ ಬಿರುಕು ಬರುತ್ತದೆ. ಇನ್ನು ಸಂಸ್ಥೆಗಳದೇ ಹಳೇ ಅಂಗಡಿ ಮಳಿಗೆಗಳು. ಕಾಂಕ್ರೀಟಿನೊಳಗೆ ನೀರು ಇಳಿದು ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದ ಕಂಬಿ ಸಜ್ಜೆಯನ್ನು ಸೀಳಿ ಚಕ್ಕೆ ಉದುರಿಸುತ್ತದೆ. ಕೆಳಗೆ ಹೂವು ಮಾರುವವರು ಕೂತಿರುತ್ತಾರೆ.

ತೀರ್ಮಾನ ತಡವಾದರೆ ಏನಾಗುತ್ತದೆ ಎಂಬುದನ್ನು ಮೈಸೂರು ತೋರಿಸಿದೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ತಜ್ಞರ ಸಮಿತಿ, ಪಾಲಿಕೆ, ಹೈಕೋರ್ಟ್ ಸುತ್ತಿ ವರ್ಷಗಟ್ಟಲೆ ನಡೆಯಿತು. ಪರಂಪರೆಯ ಪ್ರಶ್ನೆ ಖಂಡಿತ ದೊಡ್ಡದು. ಆದರೂ ಇಷ್ಟು ವರ್ಷ ಅತಂತ್ರದಲ್ಲಿ ಬದುಕಿದವರು ಬಾಡಿಗೆದಾರರು. ಹೊಸ ಕಟ್ಟಡವೆಂದರೆ ಭದ್ರ ಎಂದೂ ಅಲ್ಲ: ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕುಸಿದು 19 ಜನರನ್ನು ಬಲಿ ತೆಗೆದುಕೊಂಡದ್ದು ನಿರ್ಮಾಣ ಹಂತದ ಕಟ್ಟಡ.

ಈಗ ಹಣದ ಮಾತು. ಸಣ್ಣ ಪಟ್ಟಣಗಳ ಬಜೆಟ್ ಬಹುಪಾಲು 'ಉಳಿತಾಯ ಬಜೆಟ್' ಎಂದೇ ಸುದ್ದಿಯಾಗುತ್ತದೆ. ಆ ಉಳಿತಾಯದಲ್ಲಿ ಆರಂಭಿಕ ಶಿಲ್ಕು ಸೇರಿರುತ್ತದೆ, ಇನ್ನೂ ಬಾರದ ಅನುದಾನದ ಅಂದಾಜೂ ಸೇರಿರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರ ಮೀಸಲು ನಿಧಿಗಳು ಸರಿಯಾಗಿಯೇ ಪ್ರತ್ಯೇಕ. ಸದಸ್ಯರು ಸ್ವಂತ ವಿವೇಚನೆಯಿಂದ ಖರ್ಚು ಮಾಡಬಹುದಾದದ್ದು ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕಗಳ ದುಡ್ಡು. ಅದು ಸಣ್ಣದು, ಒಪ್ಪುತ್ತೇವೆ. ಆದರೆ ಅಪಾಯದ ಗೋಡೆಯೊಂದಕ್ಕೆ ಊರೆ ಕೊಡಲು, ಜೆಸಿಬಿ ಬಾಡಿಗೆಗೆ, ಮನೆ ಖಾಲಿ ಮಾಡುವ ಬಡ ಕುಟುಂಬಕ್ಕೆ ಕೆಲವು ತಿಂಗಳ ಬಾಡಿಗೆ ಕೊಡಲು ಕೋಟಿಗಳು ಬೇಕಿಲ್ಲ.

ಬಿದ್ದ ಮೇಲೆ ಹಣಕ್ಕೆ ದಾರಿ ಇದೆ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ ವಿಪತ್ತು ನಿಧಿಯ ಮಾರ್ಗಸೂಚಿಯಲ್ಲಿ 95,100 ರೂಪಾಯಿ ಇತ್ತು, ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ಒಳ್ಳೆಯ ಕೆಲಸ. ಬೀಳುವ ಮುನ್ನ ಹೊರಬಂದವರಿಗೆ ಈ ದಾರಿಯಿಲ್ಲ. ಹಾಗಾಗಿಯೇ ನೋಟಿಸ್ ಗೋಡೆಗೆ ಅಂಟಿದ ಮೇಲೂ ಒಲೆ ಉರಿಯುತ್ತಿರುತ್ತದೆ. ಅವರನ್ನು ಮೊಂಡರೆಂದು ಬೈಯುವವರು ಮುಂಗಡ ಕೊಟ್ಟು ಬೇರೆ ಮನೆ ಹಿಡಿಯುವ ಶಕ್ತಿ ಅವರಿಗಿದೆಯೇ ಎಂದು ಒಮ್ಮೆ ಕೇಳಬೇಕು.

ನಾಲ್ಕೂ ಸಂಸ್ಥೆಗಳು ಮುಂದಿನ ಬಜೆಟ್‌ನಲ್ಲಿ 'ಅಪಾಯಕಾರಿ ಕಟ್ಟಡ ತೆರವು ಮತ್ತು ತಾತ್ಕಾಲಿಕ ಪುನರ್ವಸತಿ' ಎಂಬ ಬಾಬ್ತು ತೆರೆಯಲಿ. ಏಪ್ರಿಲ್‌ನಲ್ಲಿ ಎಂಜಿನಿಯರ್ ವಾರ್ಡುವಾರು ತಪಾಸಣೆ ಮಾಡಿ, ಪಟ್ಟಿಯನ್ನು ಕಚೇರಿಯ ಸೂಚನಾ ಫಲಕಕ್ಕೆ ಹಾಕಲಿ. ಸಂಸ್ಥೆಯ ಸ್ವಂತ ಮಳಿಗೆಗಳಿಂದಲೇ ಆ ಪಟ್ಟಿ ಶುರುವಾಗಲಿ. ಮಳಿಗೆಯವರನ್ನು ಎಬ್ಬಿಸುವ ಮುನ್ನ ಅವರ ಠೇವಣಿ ಮತ್ತು ಹೊಸ ಕಟ್ಟಡದಲ್ಲಿ ಅವರ ಜಾಗದ ಬಗ್ಗೆ ಲಿಖಿತ ನಿರ್ಣಯವಾಗಲಿ. ಅಧ್ಯಕ್ಷರಿರಲಿ, ಆಡಳಿತಾಧಿಕಾರಿ ಇರಲಿ, ಮೇ ಕೊನೆಯೊಳಗೆ ಎಷ್ಟು ಮನೆ ಖಾಲಿಯಾಯಿತು, ಎಷ್ಟು ಹಣ ಖರ್ಚಾಯಿತು ಎಂಬ ಲೆಕ್ಕ ಸಾಮಾನ್ಯ ಸಭೆಯ ಮುಂದೆ ಬರಲಿ.