ಕಲ್ಲಿನ ಮದ್ದಳೆ, ಚರ್ಮದ ತಮಟೆ

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ‘ಕಲೆ ಅಂದರೆ ಅದು. ಆ ಶಿಲ್ಪಿಗಳು ಪ್ರಯೋಗ ಅಂತ ಹುಚ್ಚಾಟ ಆಡಲಿಲ್ಲ, ಚಳವಳಿ ಅಂತ ಬೀದಿಗಿಳಿಯಲಿಲ್ಲ. ತಲೆ ತಗ್ಗಿಸಿ ಉಳಿ ಹಿಡಿದರು.’ ಇಂದಿನ ಚಿತ್ರಕಾರರಿಗೂ ಹಾಡುಗಾರರಿಗೂ ಬುದ್ಧಿ ಹೇಳಲು ಬಳಕೆಯಾಗುವ ಈ ಮಾತಿನಲ್ಲಿ ಅರ್ಧ ಸುಳ್ಳು, ಇನ್ನರ್ಧ ಅನ್ಯಾಯ.

ತಲೆ ತಗ್ಗಿಸಿದವರು ವಿಗ್ರಹದಡಿ ಹೆಸರು ಕೊರೆಯುವುದಿಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬಿರುದು ಸಮೇತ ರುಜು ಹಾಕಿದ್ದಾರೆ. ಇನ್ನು ಪ್ರಯೋಗ ನೋಡಬೇಕೆಂದರೆ ಅರಸೀಕೆರೆಗೆ ಹೋಗಬೇಕು. ಪ್ರವಾಸಿಗರು ರೈಲು ಬದಲಿಸಲಷ್ಟೇ ಇಳಿಯುವ ಆ ಊರಿನಲ್ಲಿ 1220ರ ಸುಮಾರಿನ ಈಶ್ವರ ದೇವಾಲಯವಿದೆ. ಹೊಯ್ಸಳರ ತೆರೆದ ಮಂಟಪಗಳು ಸಾಮಾನ್ಯವಾಗಿ ಚೌಕದ ಲೆಕ್ಕಕ್ಕೆ ನಿಂತವು. ಇಲ್ಲಿನವರು ಮುಖಮಂಟಪವನ್ನೇ ನಕ್ಷತ್ರದಾಕಾರಕ್ಕೆ ತಿರುಗಿಸಿ, ಮೇಲೆ ಗುಮ್ಮಟದಂಥ ಛಾವಣಿ ಕೂರಿಸಿದರು. ಅಂದಿಗೂ ಯಾರಾದರೂ ‘ಇದೇನು ಹುಚ್ಚಾಟ’ ಎಂದಿರಬಹುದು.

ಅನ್ಯಾಯದ ಕಥೆ ಇನ್ನೂ ಉದ್ದ. ಬೇಲೂರಿನ ಮದನಿಕೆಯರಲ್ಲಿ ಚರ್ಮವಾದ್ಯ ನುಡಿಸುವವರಿದ್ದಾರೆ; ಹಳೇಬೀಡಿನ ಗೋಡೆಗಳಲ್ಲೂ ಮದ್ದಳೆಯವರಿದ್ದಾರೆ. ಕಲ್ಲಾದ ಚರ್ಮಕ್ಕೆ ಮೈಲಿಗೆಯಿಲ್ಲ. ಬೇಲೂರಿನ ಚೆನ್ನಕೇಶವನಿಗೆ ಮಾದಿಗರು ಚಪ್ಪಲಿ ಒಪ್ಪಿಸುವ ಸಂಪ್ರದಾಯವನ್ನೂ, ದಲಿತರ ಪ್ರವೇಶಕ್ಕೆಂದೇ ಅಲ್ಲಿ ಗೊತ್ತಾದ ದಿನಗಳಿದ್ದುದನ್ನೂ ಹಳೆಯ ದಾಖಲೆಗಳು ಹೇಳುತ್ತವೆ. ಅಂದರೆ ಚಪ್ಪಲಿಗೆ ಸದಾ ಜಾಗ, ಹೊಲಿದವರಿಗೆ ಗೊತ್ತಾದ ದಿನ ಮಾತ್ರ! ಅವರ ತಮಟೆಯೂ ಹಾಗೆಯೇ: ಸಾವಿಗೆ ಬೇಕು, ಜಾತ್ರೆಗೆ ಬೇಕು, ಸಂಗೀತ ಕಛೇರಿಗೆ ಬೇಡ. ಎಪ್ಪತ್ತರ ದಶಕದಲ್ಲಿ ದಲಿತ ಚಳವಳಿಯ ಸಭೆಗಳಲ್ಲಿ ಅದೇ ತಮಟೆ ಕವಿ ಸಿದ್ಧಲಿಂಗಯ್ಯನವರ ಹಾಡಿಗೆ ಜೊತೆಯಾಯಿತು. ಕನ್ನಡದ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗ ಯಾವುದಿದೆ ಹೇಳಿ. ಪೆಟ್ಟುಗಳು ಹಳೆಯವೇ. ಯಾರು ಬಡಿಯಬೇಕು, ಎಲ್ಲಿ ನಿಂತು ಬಡಿಯಬೇಕು, ಯಾರು ಕೂತು ಕೇಳಬೇಕು ಎಂಬ ಕಟ್ಟಳೆ ಮುರಿಯಿತು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಸಂತೋಷಪಟ್ಟ ನಾವು, ತಮಟೆಗೆ ಮರ್ಯಾದೆ ದುಡಿದುಕೊಟ್ಟ ಚಳವಳಿಯನ್ನು ನೆನೆಯಲಿಲ್ಲ.

ಪ್ರಯೋಗ ಜನಕ್ಕೆ ಅರ್ಥವಾಗುವುದಿಲ್ಲ ಎನ್ನುವವರು ಜನರನ್ನು ಕೇಳಿ ಹೇಳಿದವರಲ್ಲ. ಗೌರವದಿಂದ ಉತ್ತರಿಸಬೇಕಾದ ಆಕ್ಷೇಪ ಬೇರೊಂದಿದೆ: ಚಳವಳಿ ಕಲಾವಿದನನ್ನು ಸೋಮಾರಿಯಾಗಿಸುತ್ತದೆ ಎಂಬುದು. ಅದು ನಿಜ. ಬಿಗಿದ ಮುಷ್ಟಿ, ತುಂಡಾದ ಸರಪಳಿ, ಕೆಂಪು ಸೂರ್ಯ ಎಷ್ಟು ಬ್ಯಾನರುಗಳಲ್ಲಿ ಬಂದಿಲ್ಲ? ಉದ್ದೇಶ ಒಳ್ಳೆಯದೆಂದು ಕೆಟ್ಟ ಚಿತ್ರಕ್ಕೆ ಚಪ್ಪಾಳೆ ತಟ್ಟಿದ್ದೇವೆ. ಶ್ರುತಿ ತಪ್ಪಿದ ಹಾಡನ್ನು ಕ್ರಾಂತಿಗೀತೆ ಎಂದು ಮನ್ನಿಸಿದ್ದೇವೆ.

ಆದರೆ ಈ ರೋಗಕ್ಕೆ ಚಳವಳಿ ಬಿಡುವುದು ಮದ್ದಾಗಲಾರದು. ಕಸುಬು ಬಿಗಿಯಾಗಬೇಕು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಬಣ್ಣದಿಂದ ಕೊಳವಾಗಿಸಿ ಮೊಸಳೆ ಇಟ್ಟರು. ಮನವಿಪತ್ರಕ್ಕೆ ಅಲುಗದ ಆಡಳಿತ ಆ ಗುಂಡಿಯನ್ನು ಮುಚ್ಚಿತು. ಮೊಸಳೆ ಮೊಸಳೆಯಂತೆ, ನೀರು ನೀರಿನಂತೆ ಕಂಡದ್ದರಿಂದಲೇ ಜನ ನಿಂತು ನೋಡಿದರು. ಅರೆಬರೆ ಕೆಲಸವಾಗಿದ್ದರೆ ದಾಟಿ ಹೋಗುತ್ತಿದ್ದರು.

ಆದ್ದರಿಂದ ಬೀದಿಗಿಳಿಯುವ ಕಲಾವಿದರಿಗೆ ರಿಯಾಯಿತಿ ಬೇಡ, ತಡೆಯೂ ಬೇಡ. ಗ್ಯಾಲರಿಯ ಕೆಟ್ಟ ಚಿತ್ರ ಒಂದು ಗೋಡೆಯನ್ನು ಕೆಡಿಸುತ್ತದೆ. ಚಳವಳಿಯ ಕೆಟ್ಟ ಚಿತ್ರ ಜನರ ಬೇಡಿಕೆಯನ್ನೇ ಕೆಡಿಸುತ್ತದೆ.